ಅರ್ಧ ಕ್ಲಾಸ್ ಹುಡುಗಿಯರೇ ಇದ್ದರೆ ಸಮಾನತೆ ಬಂತು ಅಂತಾನಾ?

ನೀವು ಕೇಳಿದ್ದು ಇಷ್ಟು: ತಂಗಿಗೆ ಕಲಬುರಗಿಯಲ್ಲಿ ಕಂಪ್ಯೂಟರ್ ಸೈನ್ಸ್ ಸೀಟು ಸಿಕ್ಕಿದೆ. ಕ್ಲಾಸಿನಲ್ಲಿ ಹೆಚ್ಚುಕಡಿಮೆ ಅರ್ಧ ಹುಡುಗಿಯರೇ ಇದ್ದಾರಂತೆ. ಹಾಗಾದರೆ ಈ ಓದಿನಲ್ಲಿ ಹೆಣ್ಣುಮಕ್ಕಳು ಹಿಂದೆ ಅನ್ನೋದು ಅಮೆರಿಕದವರ ತಲೆನೋವು, ನಮ್ಮದಲ್ಲ ಅಲ್ವಾ?

ಸೀಟಿನ ಲೆಕ್ಕದಲ್ಲಿ ನಿಮ್ಮ ಮಾತು ಸರಿ. ನಾನು ಇದೇ ಊರಿನ ಎಂಜಿನಿಯರಿಂಗ್ ಕಾಲೇಜೊಂದರಲ್ಲಿ ಇದೇ ವಿಷಯ ಪಾಠ ಮಾಡುತ್ತೇನೆ. ಅಮೆರಿಕದಲ್ಲಿ 1984ರ ಸುಮಾರಿಗೆ ಕಂಪ್ಯೂಟರ್ ಸೈನ್ಸ್ ಪದವಿ ಪಡೆದವರಲ್ಲಿ ಶೇ 37ರಷ್ಟು ಹೆಂಗಸರಿದ್ದರು. ಆಮೇಲೆ ಇಳಿಯುತ್ತಾ ಇಳಿಯುತ್ತಾ ಶೇ 18ರ ಹತ್ತಿರ ಬಂತು. ಮನೆಗಳಿಗೆ ಕಂಪ್ಯೂಟರ್ ಬಂದ ಕಾಲ ಅದು. ಹುಡುಗರ ಆಟದ ಸಾಮಾನು ಅಂತಲೇ ಮಾರಿದರು, ಹುಡುಗರ ರೂಮನ್ನೇ ಸೇರಿತು. ಕಾಲೇಜಿಗೆ ಬರುವಾಗ ಅವರ ಕೈ ಪಳಗಿತ್ತು, ಹುಡುಗಿಯರದ್ದು ಪಳಗಿರಲಿಲ್ಲ.

ನಮ್ಮ ಕಡೆ ಕತೆ ಉಲ್ಟಾ. ಇಲ್ಲಿ ಕಂಪ್ಯೂಟರ್ ಅಂದರೆ ನೆರಳಿನ ಕೆಲಸ. "ಸಿವಿಲ್ ಬ್ಯಾಡ್ರಿ ಮೇಡಂ, ಬಿಸಿಲಾಗ ಸೈಟಿಗಿ ಹೋಗಬೇಕಾಗ್ತದ. ಸಿಎಸ್ ಆದ್ರ ಎಸಿ ರೂಮಿನ್ಯಾಗ ಕುಂತು ಮಾಡ್ತಾಳ." ಅಡ್ಮಿಷನ್ ಟೈಮಲ್ಲಿ ಅಪ್ಪಂದಿರ ಈ ಮಾತು ಕೇಳದ ವರ್ಷವಿಲ್ಲ. ಮೇ ತಿಂಗಳ ಕಲಬುರಗಿ ಕಂಡವರು ಅವರನ್ನು ಬೈಯಲಾರರು. ಐಐಟಿಗಳ ಮಾತು ಬೇರೆ ಬಿಡಿ. ಅಲ್ಲಿ ಹುಡುಗಿಯರು ತೀರಾ ಕಮ್ಮಿ ಅಂತ 2018ರಿಂದ ಹೆಚ್ಚುವರಿ ಸೀಟುಗಳನ್ನೇ ಕೊಡಬೇಕಾಯಿತು.

ನಮ್ಮ ತೊಂದರೆ ಶುರುವಾಗುವುದು ಸೀಟು ಸಿಕ್ಕಮೇಲೆ. ಯಾವುದಾದರೂ ಲ್ಯಾಬಿನ ಬಾಗಿಲಲ್ಲಿ ಸುಮ್ನೆ ನಿಂತು ನೋಡಿ. ಒಂದು ಸಿಸ್ಟಮ್‌ಗೆ ಇಬ್ಬರು. ಕೀಬೋರ್ಡ್ ಹುಡುಗನ ಮುಂದೆ, ಅಬ್ಸರ್ವೇಷನ್ ಬುಕ್ ಹುಡುಗಿಯ ಮುಂದೆ. ಅವನು ಟೈಪ್ ಮಾಡುತ್ತಾನೆ, ಇವಳು ಔಟ್‌ಪುಟ್ ಬರೆದುಕೊಳ್ಳುತ್ತಾಳೆ. ಹಾಗೆ ಮಾಡಿ ಅಂತ ಯಾರೂ ಹೇಳಿರುವುದಿಲ್ಲ. ಮಿನಿ ಪ್ರಾಜೆಕ್ಟಿನಲ್ಲೂ ಅಷ್ಟೇ, ಕೋಡ್ ಅವನದ್ದು, ರಿಪೋರ್ಟು, ಪಿಪಿಟಿ ಇವಳದ್ದು. "ನಿನ್ನ ಅಕ್ಷರ ಚಂದ ಅದ" ಅನ್ನುವ ಹೊಗಳಿಕೆ ಬೇರೆ. ಇಂಟರ್ನಲ್ಸ್‌ನಲ್ಲಿ ಇವಳಿಗೇ ಜಾಸ್ತಿ ಮಾರ್ಕ್ಸ್ ಬರುತ್ತದೆ, ಆದ್ದರಿಂದ ಯಾರ ಕಣ್ಣಿಗೂ ಏನೂ ಬೀಳುವುದಿಲ್ಲ. ಬೀಳುವುದು ಕಂಪನಿಯವರ ಕೋಡಿಂಗ್ ಟೆಸ್ಟಿನ ದಿನ. ಹಿಂದಿನ ಸೀಟಿನಲ್ಲಿ ಕೂತು ಸ್ಕೂಟಿ ಕಲಿತವರು ಯಾರಾದರೂ ಇದ್ದಾರಾ?

ನನ್ನ ಲ್ಯಾಬಿನಲ್ಲಿ ಗಡಿಯಾರ ನೋಡಿ ಜಾಗ ಬದಲಿಸುತ್ತೇನೆ. ಇಪ್ಪತ್ತು ನಿಮಿಷ ಒಬ್ಬರ ಕೈಲಿ ಕೀಬೋರ್ಡ್. ಪಕ್ಕದವರು ಬಾಯಲ್ಲಿ ಹೇಳಬಹುದು, ಮುಟ್ಟುವ ಹಾಗಿಲ್ಲ. ಆಮೇಲೆ ಅದಲುಬದಲು. ಪೇರ್ ಪ್ರೋಗ್ರಾಮಿಂಗ್ ಅನ್ನುವ ಹಳೇ ಪದ್ಧತಿ ಇದು, ನನ್ನ ಹೆಚ್ಚುಗಾರಿಕೆ ಏನಿಲ್ಲ. ಮೊದಮೊದಲು ಹುಡುಗರ ಕೈ ತಡೆಯಲಾರದೆ ಮೌಸ್ ಕಡೆಗೇ ಹೋಗುತ್ತದೆ. ವೈವಾದಲ್ಲಿ ರಿಪೋರ್ಟ್ ಬರೆದವಳಿಗೆ ಕೋಡ್ ಬಗ್ಗೆ ಕೇಳುತ್ತೇನೆ, ಕೋಡ್ ಬರೆದವನಿಗೆ ರಿಪೋರ್ಟ್ ಬಗ್ಗೆ. ಈ ಸುದ್ದಿ ಹಬ್ಬಿದ ಮೇಲೆ ಟೀಮಿನಲ್ಲಿ ಕೆಲಸ ಹಂಚಿಕೊಳ್ಳುವ ರೀತಿ ತಾನಾಗೇ ಬದಲಾಯಿತು.

ಇನ್ನು ಸಂಜೆ ಐದರ ಮೇಲಿನ ಕಾಲೇಜು ಅಂತ ಒಂದಿದೆ. ಕೋಡಿಂಗ್ ಕ್ಲಬ್, ಸೀನಿಯರ್‌ಗಳ ಜೊತೆ ಹರಟೆ, ಇಂಟರ್ನ್‌ಶಿಪ್ ಸುದ್ದಿ ಎಲ್ಲ ಆಗಲೇ. ಜೇವರ್ಗಿ, ಆಳಂದ, ಚಿತ್ತಾಪುರದಿಂದ ಓಡಾಡುವ ಹುಡುಗಿ ಆ ಹೊತ್ತಿಗೆ ಬಸ್ ಸ್ಟ್ಯಾಂಡಿನಲ್ಲಿರುತ್ತಾಳೆ. ಹಾಸ್ಟೆಲಿನವಳಿಗೆ ಗೇಟ್ ಮುಚ್ಚುವ ಗಡಿಬಿಡಿ. 2023ರ ಜೂನ್‌ನಲ್ಲಿ ಶಕ್ತಿ ಯೋಜನೆ ಬಂದಮೇಲೆ ಬಸ್ಸಿನ ಖರ್ಚು ಉಳಿಯಿತು, ದೊಡ್ಡ ಉಪಕಾರವೇ. ಆದರೆ ಟಿಕೆಟ್ ಫ್ರೀ ಆಯಿತು ಅಂತ ಕಡೇ ಬಸ್ಸು ನಿಂತು ಕಾಯುವುದಿಲ್ಲವಲ್ಲ. ರಾತ್ರಿಯಿಡೀ ಹ್ಯಾಕಥಾನ್ (ಕೋಡ್ ಬರೆಯುವ ಸ್ಪರ್ಧೆ) ಇಟ್ಟು "ಹುಡುಗಿಯರಿಗೆ ಆಸಕ್ತಿ ಇಲ್ಲ" ಅನ್ನುವವರನ್ನು ಕಂಡರೆ ನನಗೆ ಸಿಟ್ಟು ಬರುತ್ತದೆ. ಶನಿವಾರ ಬೆಳಿಗ್ಗೆ ಇಟ್ಟು ನೋಡಲಿ.

ಹುಡುಗ, ಹುಡುಗಿ ಅಂತ ಎರಡೇ ಗುಂಪು ಮಾಡಿದರೂ ಲೆಕ್ಕ ಸರಿಹೋಗುವುದಿಲ್ಲ. ಕಲಬುರಗಿಯ ಸಿಬಿಎಸ್‌ಇ ಶಾಲೆಯಲ್ಲೇ ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆ ಓದಿ ಬಂದವಳು ಒಬ್ಬಳು. ಸುರಪುರ ಕಡೆಯ ಸರ್ಕಾರಿ ಕನ್ನಡ ಶಾಲೆಯಿಂದ ಬಂದು, ಮೌಸ್ ಹಿಡಿಯುವುದನ್ನೂ ಇಲ್ಲೇ ಕಲಿಯುವವಳು ಇನ್ನೊಬ್ಬಳು. ಇಬ್ಬರೂ ಒಂದೇ ಬೆಂಚು. ನಮ್ಮ ಭಾಗದವರಿಗೆ ಮೀಸಲಾತಿ ಕೊಡುವ, 2013ರಲ್ಲಿ ಜಾರಿಗೆ ಬಂದ ಸಂವಿಧಾನದ 371(ಜೆ) ವಿಧಿ, ಶೇ 15ರ ಗ್ರಾಮೀಣ ಕೋಟಾ, ಶೇ 5ರ ಕನ್ನಡ ಮಾಧ್ಯಮ ಕೋಟಾ ಎರಡನೆಯವಳನ್ನು ಒಳಗೆ ಕರೆತರುತ್ತವೆ. ಒಳಗೆ ಬಂದಮೇಲೆ, ಕೋಡಿನಲ್ಲಿ ತಪ್ಪಾದರೆ ತೋರಿಸುವ ಕಂಪೈಲರ್ ಇಂಗ್ಲಿಷಿನಲ್ಲೇ ಬೈಯುತ್ತದೆ. ಮೊದಲೇ ಗೊತ್ತಿದ್ದವರು ಪಟಪಟ ಉತ್ತರ ಹೇಳುತ್ತಿದ್ದರೆ ಇವಳು ತನ್ನ ತಲೆಗೆ ಹತ್ತಲ್ಲ ಅಂದುಕೊಂಡು ಸುಮ್ಮನಾಗುತ್ತಾಳೆ. ಅದೇ ಹಳ್ಳಿಯಿಂದ ಬಂದ ಹುಡುಗನ ಪಾಡೂ ಅದೇ.

ಕ್ಯಾಲಿಫೋರ್ನಿಯಾದ ಹಾರ್ವಿ ಮಡ್ ಕಾಲೇಜು ಕೈಹಾಕಿದ್ದು ಇದಕ್ಕೇ. 2006ರ ಹೊತ್ತಿಗೆ ಅಲ್ಲಿ ಕಂಪ್ಯೂಟರ್ ಸೈನ್ಸ್ ಓದುವವರಲ್ಲಿ ಹುಡುಗಿಯರು ಶೇ 10ರ ಆಸುಪಾಸು. ಮೊದಲ ಕೋರ್ಸಿನಲ್ಲಿ ಜಾವಾ ಬಿಟ್ಟು ಪೈಥಾನ್ ತಂದರು. ಮೊದಲೇ ಕೋಡಿಂಗ್ ಬಲ್ಲವರಿಗೆ ಬೇರೆ ಸೆಕ್ಷನ್ ಮಾಡಿದರು. ಕೆಲವೇ ವರ್ಷಗಳಲ್ಲಿ ಶೇ 40ರ ಹತ್ತಿರ ಹೋಯಿತು. ನಾವು ಲ್ಯಾಬ್ ಬ್ಯಾಚ್ ಮಾಡುವುದು ಯುಎಸ್‌ಎನ್ ನಂಬರ್, ಅಂದರೆ ವಿಶ್ವವಿದ್ಯಾಲಯದ ರಿಜಿಸ್ಟರ್ ನಂಬರ್ ನೋಡಿ. ಯಾರಿಗೆ ಎಷ್ಟು ಗೊತ್ತು ಅಂತ ನೋಡಿ ಮಾಡಿದರೆ ಒಂದು ರೂಪಾಯಿ ಖರ್ಚಿಲ್ಲ.

ಪಾಠ ಮಾಡುವವರಲ್ಲಿ ಹೆಂಗಸರು ಬೇಕಾದಷ್ಟಿದ್ದೇವೆ. ಎಚ್‌ಓಡಿ (ವಿಭಾಗದ ಮುಖ್ಯಸ್ಥರ) ಕುರ್ಚಿಯಲ್ಲಿ ಎಷ್ಟು ಜನ ಅಂತ ನೀವೇ ನೋಡಿಕೊಳ್ಳಿ.

ಆಫರ್ ಲೆಟರ್ ಬಂದ ದಿನ ಮನೆಯಲ್ಲಿ ಬೇರೆಯದೇ ಮಾತು. ಬೆಂಗಳೂರು ದೂರ, ಒಬ್ಬಾಕಿ ಹೆಂಗ ಇರ್ತಾಳ, ಒಂದು ಸಂಬಂಧನೂ ಬಂದದ. ಈ ಚರ್ಚೆ ಮೂರನೇ ವರ್ಷದಲ್ಲೇ ಮುಗಿಯಬೇಕು. ನಿಮ್ಮದೇ ತಾಲ್ಲೂಕಿನವಳು, ಈಗಾಗಲೇ ಪಿಜಿಯಲ್ಲಿದ್ದು ಕೆಲಸ ಮಾಡುವವಳು ಯಾರಾದರೂ ಇದ್ದರೆ ಅಪ್ಪ ಅಮ್ಮನ ಜೊತೆ ಮಾತಾಡಿಸಿ. ಬಾಡಿಗೆ ಎಷ್ಟು, ರಾತ್ರಿ ಕ್ಯಾಬ್ ಬಾಗಿಲ ತನಕ ಬರುತ್ತಾ? ಅವರಿಗೆ ಬೇಕಿರುವ ಉತ್ತರ ಇಂಥವು, ನನ್ನ ಭಾಷಣ ಅಲ್ಲ.

ಈಗ ನೀವು ಮಾಡಬೇಕಾದ್ದು. ತಾಂತ್ರಿಕ ಶಿಕ್ಷಣದ ಕೇಂದ್ರ ಮಂಡಳಿ ಎಐಸಿಟಿಇಯ ಪ್ರಗತಿ ಸ್ಕಾಲರ್‌ಶಿಪ್‌ಗೆ ಅರ್ಜಿ ಹಾಕಿಸಿ. ಮನೆಯ ವರ್ಷದ ಆದಾಯ 8 ಲಕ್ಷ ರೂಪಾಯಿ ಮೀರಬಾರದು, ಒಂದು ಮನೆಯಿಂದ ಇಬ್ಬರು ಹೆಣ್ಣುಮಕ್ಕಳಿಗೆ ಅವಕಾಶ, ಆಯ್ಕೆಯಾದರೆ ವರ್ಷಕ್ಕೆ 50,000 ರೂಪಾಯಿ. ನಾಡಕಚೇರಿಯಿಂದ ಆದಾಯ ಪ್ರಮಾಣಪತ್ರ ಈಗಲೇ ಮಾಡಿಸಿಡಿ. 2019–21ರ ರಾಷ್ಟ್ರೀಯ ಕುಟುಂಬ ಆರೋಗ್ಯ ಸಮೀಕ್ಷೆ ಹೇಳುವಂತೆ ದೇಶದಲ್ಲಿ ಒಮ್ಮೆಯಾದರೂ ಇಂಟರ್ನೆಟ್ ಬಳಸಿದ ಹೆಂಗಸರು ಶೇ 33, ಗಂಡಸರು ಶೇ 57. ಮನೆಯಲ್ಲಿ ಒಂದೇ ಲ್ಯಾಪ್‌ಟಾಪ್ ಇದ್ದರೆ ಅದು ಅಣ್ಣನ ಹತ್ತಿರ ಇರುತ್ತದೆ ಅಂತ ನನ್ನ ಅಂದಾಜು. ತಂಗಿಗೆ ಬೇರೆಯದೇ ಕೊಡಿಸಿ, ಪಾಸ್‌ವರ್ಡ್ ಕೇಳಬೇಡಿ.