ಮೀಟಿಂಗ್‌ನಲ್ಲಿ ಪರಿಚಯದವರು ಸಿಕ್ಕರೆ?

ಪ್ರಶ್ನೆ: ನಾನು ತಾಲ್ಲೂಕು ಊರೊಂದರಲ್ಲಿ ಹೈಸ್ಕೂಲ್ ಮೇಷ್ಟ್ರು. ವಯಸ್ಸು 43. ಶನಿವಾರಕ್ಕೊಮ್ಮೆ ಇದ್ದ ಕುಡಿತ ಈಗ ದಿನಾ ಆಗಿದೆ. ಬೆಳಿಗ್ಗೆ ಕೈ ನಡುಗುತ್ತದೆ. ಸ್ವಲ್ಪ ಹಾಕಿಕೊಂಡರೆ ಮಾತ್ರ ಬೋರ್ಡ್ ಮೇಲೆ ಬರೆಯಲು ಆಗುತ್ತದೆ. ಧೈರ್ಯ ಮಾಡಿ ಜಿಲ್ಲಾ ಕೇಂದ್ರದಲ್ಲಿ ನಡೆಯುವ, ಕುಡಿತ ಬಿಡಲು ಒಬ್ಬರಿಗೊಬ್ಬರು ನೆರವಾಗುವವರ ಕೂಟವಾದ ಆಲ್ಕೋಹಾಲಿಕ್ಸ್ ಅನಾನಿಮಸ್ ಮೀಟಿಂಗ್‌ಗೆ ಹೋದೆ. ಒಳಗೆ ನನ್ನ ವಿದ್ಯಾರ್ಥಿಯೊಬ್ಬನ ಅಪ್ಪ ಕೂತಿದ್ದರು. ಅವರೂ ನನ್ನನ್ನು ನೋಡಿದರು. ಹಾಗೇ ವಾಪಸ್ ಬಂದೆ. ಊರಲ್ಲಿ ಹೇಳಿಬಿಟ್ಟರೆ ಅನ್ನುವ ಭಯ. ಹೆಂಡತಿ ಧರ್ಮಸ್ಥಳದವರ ಶಿಬಿರಕ್ಕೆ ಸೇರಿ ಅನ್ನುತ್ತಾಳೆ. ಊಟಕ್ಕೆ ಗುಟ್ಟಾಗಿ ಬೆರೆಸುವ ಔಷಧಿಯನ್ನೂ ಯಾರೋ ಅವಳಿಗೆ ಹೇಳಿದ್ದಾರಂತೆ. ಏನು ಮಾಡಲಿ?

ಉತ್ತರ: ಮೇಷ್ಟ್ರೇ, ಮೀಟಿಂಗ್ ವಿಷಯಕ್ಕೆ ಆಮೇಲೆ ಬರೋಣ. ನನಗೆ ಜಾಸ್ತಿ ಚಿಂತೆಯಾಗಿದ್ದು ಬೆಳಗಿನ ಆ ಕೈ ನಡುಕದ್ದು. ನಿಮ್ಮ ದೇಹ ಮದ್ಯಕ್ಕೆ ಒಗ್ಗಿಹೋಗಿದೆ. ಇಂಥ ಸ್ಥಿತಿಯಲ್ಲಿ ಹಟ ಹಿಡಿದು ನಾಳೆಯಿಂದಲೇ ಪೂರ್ತಿ ನಿಲ್ಲಿಸಬೇಡಿ. ಹಾಗೆ ನಿಲ್ಲಿಸಿದ ಕೆಲವರಿಗೆ ಮೊದಲ ಎರಡು ದಿನದಲ್ಲಿ ಫಿಟ್ಸ್ ಬರುತ್ತದೆ. ಇನ್ನು ಕೆಲವರಿಗೆ ಎರಡು ಮೂರು ದಿನದ ಮೇಲೆ ದಿಕ್ಕು ತಪ್ಪಿ, ಇಲ್ಲದ್ದೆಲ್ಲ ಕಾಣಲು ಶುರುವಾಗುತ್ತದೆ. ಅದು ಪ್ರಾಣಕ್ಕೇ ಅಪಾಯ. ಜಿಲ್ಲಾ ಆಸ್ಪತ್ರೆಯ ಮನೋರೋಗ ತಜ್ಞರನ್ನು ಮೊದಲು ನೋಡಿ. ಕೆಲವು ದಿನದ ಮಾತ್ರೆ, ಬಿ1 ವಿಟಮಿನ್ ಕೊಟ್ಟು ಈ ಘಟ್ಟ ದಾಟಿಸುತ್ತಾರೆ. ಬೆಂಗಳೂರಿಗೆ ಹೋಗಲು ಆಗುವುದಾದರೆ ನಿಮ್ಹಾನ್ಸ್‌ನಲ್ಲಿ ಇದಕ್ಕೇ ಬೇರೆ ವಿಭಾಗ ಇದೆ. ಎಷ್ಟು ಕುಡಿಯುತ್ತೀರಿ ಅಂತ ಡಾಕ್ಟರ್ ಕೇಳಿದಾಗ ಮಾತ್ರ ಅರ್ಧ ಮಾಡಿ ಹೇಳಬೇಡಿ. ಎಲ್ಲರೂ ಮಾಡುವುದು ಅದನ್ನೇ.

ಈಗ ಆ ಅಪ್ಪನ ವಿಷಯ. ಅವರು ಅಲ್ಲಿ ಯಾಕೆ ಕೂತಿದ್ದರು ಹೇಳಿ? ಬಹುಶಃ ನೀವು ಹೋದ ಕಾರಣಕ್ಕೇ. ‘ಮೇಷ್ಟ್ರು ನೋಡಿಬಿಟ್ಟರಲ್ಲ, ಇನ್ನು ಶಾಲೆಯಲ್ಲಿ ಮಗನಿಗೆ ಏನು ಕಾದಿದೆಯೋ’ ಅಂತ ಅವರೂ ಆ ರಾತ್ರಿ ನಿದ್ದೆಗೆಟ್ಟಿರಬಹುದು. ನಿಮ್ಮ ಗುಟ್ಟು ಅವರ ಕೈಯಲ್ಲಿದ್ದರೆ ಅವರದ್ದು ನಿಮ್ಮ ಕೈಯಲ್ಲಿದೆ. ಅಲ್ಲಿ ಕಂಡವರನ್ನು, ಕೇಳಿದ್ದನ್ನು ಹೊರಗೆ ಒಯ್ಯಬಾರದು ಅನ್ನುವುದು ಆ ಕೂಟದ ಕಟ್ಟುನಿಟ್ಟಾದ ರೂಢಿ. ಯಾರೂ ಎಂದೂ ಬಾಯಿ ಬಿಡುವುದಿಲ್ಲ ಅಂತ ನಾನು ಬಾಂಡ್ ಪೇಪರ್ ಮೇಲೆ ಬರೆದುಕೊಡಲಾರೆ. ಆದರೆ ಬೆಳಿಗ್ಗೆ ಕುಡಿದು ಕ್ಲಾಸಿಗೆ ಹೋಗುವ ಮೇಷ್ಟ್ರ ಬಗ್ಗೆ ಮಕ್ಕಳಿಗೆ ಆಗಲೇ ವಾಸನೆ ಬಡಿದಿರುತ್ತದೆ. ನಿಮಗೆ ಬೇಜಾರಾದರೂ ಹೇಳಿಬಿಟ್ಟೆ.

ಈ ಕೂಟ ಶುರುವಾದದ್ದೇ ಇಬ್ಬರು ಕುಡುಕರ ಮಾತಿನಿಂದ. 1935ರಲ್ಲಿ ಅಮೆರಿಕದ ಆಕ್ರನ್ ಊರಲ್ಲಿ ಷೇರು ವ್ಯವಹಾರದ ಬಿಲ್ ವಿಲ್ಸನ್ ಮತ್ತು ಸರ್ಜನ್ ಬಾಬ್ ಸ್ಮಿತ್ ಕೂತು ಮಾತಾಡಿದರು. ಮನೆಯವರು, ಡಾಕ್ಟರು ಹೇಳಿದಾಗ ಕಿವಿಗೆ ಹೋಗದ್ದು ಇನ್ನೊಬ್ಬ ಕುಡುಕ ಹೇಳಿದಾಗ ಹೋಯಿತು. ಇವತ್ತಿಗೂ ಅಲ್ಲಿ ನಡೆಯುವುದು ಅಷ್ಟೇ. ಫೀಸ್ ಇಲ್ಲ. ಕೊನೆಗೆ ಕಾಣಿಕೆ ಸಂಗ್ರಹಿಸುತ್ತಾರೆ, ಹಾಕಲೇಬೇಕೆಂದಿಲ್ಲ. ಕುಡಿತ ಬಿಡುವ ಆಸೆ ಇದ್ದರೆ ಸಾಕು, ಬೇರೆ ಅರ್ಹತೆ ಕೇಳುವುದಿಲ್ಲ. ಮೊದಲ ದಿನ ಮಾತಾಡದೆ ಸುಮ್ನೆ ಕೂತು ಬರಬಹುದು. ಪ್ರಾರ್ಥನೆ, ದೇವರ ಮಾತು ಬರುತ್ತದೆ. ಅದು ಹಿಡಿಸದವರೂ ಅಲ್ಲಿ ಇರುತ್ತಾರೆ, ಚಿಂತೆ ಬೇಡ. ಓಪನ್ ಮೀಟಿಂಗ್‌ಗೆ ಮನೆಯವರೂ ಬರಬಹುದು. ಕ್ಲೋಸ್ಡ್ ಮೀಟಿಂಗ್ ಕುಡಿತದ ತೊಂದರೆ ಇರುವವರಿಗೆ ಮಾತ್ರ. ಹೋಗುವ ಮೊದಲು ಫೋನ್ ಮಾಡಿ ಯಾವುದು, ಯಾವ ಭಾಷೆಯಲ್ಲಿ ನಡೆಯುತ್ತದೆ ಅಂತ ಕೇಳಿಕೊಳ್ಳಿ. ಒಂದು ಗುಂಪು ಒಗ್ಗದಿದ್ದರೆ ಇನ್ನೊಂದು ನೋಡಿ. ಒಂದೊಂದರ ಗಾಳಿ ಒಂದೊಂದು ಥರ.

ಆ ಅಪ್ಪನ ಮುಖ ನೋಡಲು ಇನ್ನೂ ಧೈರ್ಯ ಬರದಿದ್ದರೆ ಪಕ್ಕದ ಜಿಲ್ಲೆಯ ಮೀಟಿಂಗ್‌ಗೆ ಹೋಗಿ. ಅದರಲ್ಲಿ ನಾಚಿಕೆ ಏನೂ ಇಲ್ಲ. ಆನ್‌ಲೈನ್ ಮೀಟಿಂಗ್‌ಗಳೂ ಇವೆ. ಆದರೆ ಅದನ್ನೇ ಕಾಯಂ ಮಾಡಿಕೊಳ್ಳಬೇಡಿ. ಸಂಜೆ ಆರು ಗಂಟೆಗೆ ಬಾಯಿ ಒಣಗಿ ಕಾಲು ಬಾರಿನ ಕಡೆ ಎಳೆಯುವಾಗ, ಬೈಕ್ ಹತ್ತಿ ಬರಬಲ್ಲ ಒಬ್ಬ ಮನುಷ್ಯ ಹತ್ತಿರದಲ್ಲೇ ಬೇಕು. ನಾನಾಗಿದ್ದರೆ ಆ ಅಪ್ಪನ ಜೊತೆಗೇ ಮಾತಾಡುತ್ತಿದ್ದೆ.

ನಿಮ್ಮ ಹೆಂಡತಿ ಹೇಳಿದ ಮದ್ಯವರ್ಜನ ಶಿಬಿರವನ್ನು ತಳ್ಳಿಹಾಕಬೇಡಿ. ಎಂಟು ದಿನ ಅಲ್ಲೇ ಇರಬೇಕು. ಊರವರಿಗೆ ಗೊತ್ತಾಗಿಯೇ ಆಗುತ್ತದೆ ಅನ್ನುವುದು ನಿಜ. ಬೇಕಿದ್ದರೆ ದೂರದ ತಾಲ್ಲೂಕಿನದಕ್ಕೆ ಸೇರಿ, ಬೇಸಿಗೆ ರಜೆಯಲ್ಲಿ ನಡೆಯುವುದು ಇದೆಯಾ ಕೇಳಿ. ಆದರೆ ಎಂಟು ದಿನ ಮುಗಿಸಿ ಮನೆಗೆ ಬಂದ ಮೇಲೆಯೇ ನಿಜವಾದ ಕಷ್ಟ. ಶಿಬಿರ ಮುಗಿಸಿದವರ ನವಜೀವನ ಸಮಿತಿ ಇರುವುದೇ ಅದಕ್ಕೆ. ಅದರ ಸಭೆ ತಪ್ಪಿಸಬೇಡಿ.

ಆ ಗುಟ್ಟಿನ ಔಷಧಿ ಮಾತ್ರ ಬೇಡವೇ ಬೇಡ. ಹೀಗೆ ಬೆರೆಸುವುದು ಎಷ್ಟೋ ಸಲ ಡೈಸಲ್ಫಿರಾಮ್. ಅದು ಹೊಟ್ಟೆಯಲ್ಲಿರುವಾಗ ಕುಡಿದರೆ ವಾಂತಿ, ಎದೆಬಡಿತ ಏರಿ ಬಿಪಿ ಕುಸಿಯಬಹುದು, ಜೀವಕ್ಕೂ ಕುತ್ತು. ಡಾಕ್ಟರ್ ಕೊಟ್ಟು, ನೀವು ಗೊತ್ತಿದ್ದು ಒಪ್ಪಿ ತೆಗೆದುಕೊಂಡರೆ ಮಾತು ಬೇರೆ. ಈ ಪತ್ರವನ್ನು ನಿಮ್ಮ ಹೆಂಡತಿಗೂ ಓದಲು ಕೊಡಿ. ಕುಡಿಯುವವರ ಮನೆಯವರಿಗೆ ಆಲ್-ಅನಾನ್ ಅಂತ ಬೇರೆಯೇ ಕೂಟ ಇದೆ. ನೀವು ಬಿಡಲಿ, ಬಿಡದಿರಲಿ, ಅವರು ಅಲ್ಲಿಗೆ ಹೋಗಬಹುದು. ಎಲ್ಲಿ ವಿಚಾರಿಸಬೇಕು ಗೊತ್ತಾಗದಿದ್ದರೆ ವ್ಯಸನಮುಕ್ತಿ ಸಹಾಯವಾಣಿ 14446ಕ್ಕೆ ಫೋನ್ ಮಾಡಿ. ರಾತ್ರಿ ಹೊತ್ತು ಮನಸ್ಸು ತೀರಾ ಕೆಟ್ಟರೆ ಟೆಲಿ-ಮಾನಸ್ 14416 ಇದೆ, ಕನ್ನಡದಲ್ಲೇ ಮಾತಾಡಬಹುದು. ಡಾಕ್ಟರ್ ಹತ್ತಿರ ಈ ವಾರವೇ ಹೋಗಿ, ಒಬ್ಬರೇ ಹೋಗಬೇಡಿ.