ಹಳೇ ಮಹೀಂದ್ರ ಎಂಎಂ 540 ಜೀಪು ತಗೊಂಡಿದ್ದೀನಿ, ಮಳೆಗಾಲಕ್ಕೆ ಮುಂಚೆ ಮನೆಯಲ್ಲೇ ಏನೇನು ಮಾಡಬಹುದು? ಲಿಫ್ಟ್ ಮಾಡಿಸಲಾ?

ಮೂಡಿಗೆರೆ ಕಡೆ ತೋಟ, ದಾರಿಯಲ್ಲಿ ಎರಡು ಹಳ್ಳ, ಕೈಬದಲಾದ ಫೋರ್ ವೀಲ್ ಜೀಪು ಅಂತ ಬರೆದಿದ್ದೀರಿ. ಲಿಫ್ಟ್, ಅಂದರೆ ಬಾಡಿ ಎತ್ತರಿಸುವುದು, ಈಗ ಬೇಡ. ನಮ್ಮ ಕಡೆ ಜೀಪಿನ ಆಯಸ್ಸು ತಿನ್ನುವುದು ನೀರು. ಮೃಗಶಿರಾ ಮಳೆ ಹಿಡಿಯುವ ಮೊದಲು ನೀರು ಹೋಗುವ ದಾರಿಗಳನ್ನೆಲ್ಲ ಮುಚ್ಚಿ, ಮಿಕ್ಕಿದ್ದು ಆಮೇಲೆ.

ಶುರು ಮಾಡಬೇಕಾದದ್ದು ಹೌಸಿಂಗ್ ಬ್ರೀದರ್‌ನಿಂದ, ಅಂದರೆ ಆಕ್ಸಲ್ ಕವಚದೊಳಗಿನ ಗಾಳಿ ಆಡುವ ತೂತಿನಿಂದ. ಹಿಂದೆ ಮುಂದೆ ಎರಡೂ ಆಕ್ಸಲ್ ಹೌಸಿಂಗ್ ಮೇಲೆ ಸಣ್ಣ ನಿಪ್ಪಲ್ ಇರುತ್ತದೆ. ಹಳೇ ಜೀಪಿನಲ್ಲಿ ಅದು ಕೆಸರು ಕಟ್ಟಿ ಮುಚ್ಚಿರುವುದೇ ಹೆಚ್ಚು. ಓಡಿ ಬಿಸಿಯಾದ ಹೌಸಿಂಗ್ ತಣ್ಣನೆ ಹಳ್ಳಕ್ಕೆ ಇಳಿದಾಗ ಒಳಗಿನ ಗಾಳಿ ಕುಗ್ಗುತ್ತದೆ. ಬ್ರೀದರ್ ಮುಚ್ಚಿದ್ದರೆ ಆಯಿಲ್ ಸೀಲ್ ಸಂದಿಯಿಂದ ನೀರನ್ನೇ ಎಳೆದುಕೊಳ್ಳುತ್ತದೆ. ಬ್ರೀದರ್ ತೆರೆದಿದ್ದು ಮುಳುಗಿದರೂ ಅದೇ ಕಥೆ. ನಿಪ್ಪಲ್ ಸ್ವಚ್ಛ ಮಾಡಿ, ಅದಕ್ಕೆ ಸರಿಹೋಗುವ ಡೀಸೆಲ್ ಹೋಸ್ (ಸಾಮಾನ್ಯವಾಗಿ 8 ಮಿಮೀ) ಹಾಕಿ ಕ್ಲಿಪ್ ಬಿಗಿದು, ಬಾನೆಟ್ ಒಳಗೆ ಎತ್ತರಕ್ಕೆ ಒಯ್ದು, ತುದಿಗೆ ಬೈಕಿನ ಸಣ್ಣ ಪೆಟ್ರೋಲ್ ಫಿಲ್ಟರ್ ಸಿಕ್ಕಿಸಿ ಬಾಯಿ ಕೆಳಗೆ ಮಾಡಿ ಕಟ್ಟಿ. ಚಕ್ರ ಗುಂಡಿಗೆ ಇಳಿದಾಗ ಹೋಸ್ ಜಗ್ಗದಷ್ಟು ಸಡಿಲ ಬಿಡಿ. ಸೈಲೆನ್ಸರ್ ಪೈಪಿಗೆ ತಾಗಬಾರದು.

ಆಮೇಲೆ ಎಣ್ಣೆ. ಯಾವಾಗಲೂ ಎಣ್ಣೆ ತುಂಬುವ ಮೇಲಿನ ಬೋಲ್ಟನ್ನೇ ಮೊದಲು ಬಿಚ್ಚಿ. ಕೆಳಗಿನದನ್ನು ಬಿಚ್ಚಿ ಎಣ್ಣೆ ಸುರಿದ ಮೇಲೆ ಮೇಲಿನದು ತುಕ್ಕು ಹಿಡಿದು ಬರಲಿಲ್ಲ ಅಂದರೆ ಜೀಪು ಅಲ್ಲೇ ಕೂತಿತು. ಕೆಳಗೆ ಬೋಲ್ಟೇ ಇಲ್ಲದಿದ್ದರೆ ಡಿಫರೆನ್ಷಿಯಲ್ (ಆಕ್ಸಲ್ ನಡುವಿನ ಗೇರ್ ಉಂಡೆ) ಕವರ್ ಬಿಚ್ಚಬೇಕು. ಎಣ್ಣೆ ಹಾಲು ಹಾಕಿದ ಕಾಫಿ ಬಣ್ಣಕ್ಕೆ ತಿರುಗಿದ್ದರೆ ನೀರು ಸೇರಿದೆ. ಹಾಗಿದ್ದರೆ ಹೊಸ ಎಣ್ಣೆ ಹಾಕಿ ಐವತ್ತು ಕಿಲೋಮೀಟರ್ ಓಡಿಸಿ ಇನ್ನೊಮ್ಮೆ ಬದಲಿಸಿ. ಡಿಫರೆನ್ಷಿಯಲ್‌ಗೆ ಜಿಎಲ್-5 ದರ್ಜೆಯ 90 ನಂಬರ್ ಎಣ್ಣೆ, ಒಂದಕ್ಕೆ ಒಂದೂಕಾಲು ಲೀಟರ್ ಆಸುಪಾಸು, ತೂತಿನ ಕೆಳ ಅಂಚಿಗೆ ಬರುವ ತನಕ. ಗೇರ್‌ಬಾಕ್ಸಿಗೂ, ಹಿಂದೆ ಮುಂದೆ ಚಕ್ರಗಳಿಗೆ ಶಕ್ತಿ ಹಂಚುವ ಟ್ರಾನ್ಸ್‌ಫರ್ ಕೇಸಿಗೂ ಜಿಎಲ್-4 ಹಾಕಿ. ಅಂಗಡಿಯವರು ಎಲ್ಲಕ್ಕೂ ಒಂದೇ ಡಬ್ಬ ಸಾಕು ಅಂತಾರೆ, ಒಪ್ಪಬೇಡಿ: ಕೆಲವು ಜಿಎಲ್-5 ಎಣ್ಣೆಯಲ್ಲಿರುವ ಗಂಧಕದ ಅಂಶ ಗೇರ್ ಸಲೀಸಾಗಿ ಬೀಳಿಸುವ ಹಿತ್ತಾಳೆಯ ಸಿಂಕ್ರೋ ರಿಂಗ್ ತಿನ್ನುತ್ತದೆ. ಗೇರ್‌ಬಾಕ್ಸ್ ಎಣ್ಣೆ ಕಮ್ಮಿಯಾಗಿ ಟ್ರಾನ್ಸ್‌ಫರ್‌ನಲ್ಲಿ ಜಾಸ್ತಿಯಾಗಿದ್ದರೆ ನಡುವಿನ ಸೀಲ್ ಹೋಗಿದೆ ಅಂತ ತಿಳಿಯಿರಿ.

ಗ್ರೀಸ್ ಗನ್ ಮನೆಯಲ್ಲಿ ಇರಲೇಬೇಕು. ಲಿಥಿಯಂ 2 ನಂಬರ್ ಗ್ರೀಸ್. ಯುಜೆ ಕ್ರಾಸ್ (ಪ್ರೊಪೆಲ್ಲರ್ ಶಾಫ್ಟ್ ತುದಿಯ ಕೂಡುಗಂಟು), ಆಕ್ಸಲ್‌ಗೆ ಶಕ್ತಿ ಒಯ್ಯುವ ಆ ಪ್ರೊಪೆಲ್ಲರ್ ಶಾಫ್ಟ್ ಜಾರುವ ಜಾಗ, ಸ್ಟೇರಿಂಗ್ ರಾಡ್ ತುದಿ, ಸ್ಪ್ರಿಂಗ್ ಶ್ಯಾಕಲ್ (ಸ್ಪ್ರಿಂಗಿನ ತುದಿ ಹಿಡಿಯುವ ಕೊಂಡಿ), ಎಲ್ಲೆಲ್ಲಿ ಗ್ರೀಸ್ ನಿಪ್ಪಲ್ ಇದೆಯೋ ಅಲ್ಲೆಲ್ಲ. ಕ್ರಾಸಿನ ನಾಲ್ಕೂ ಕಪ್ಪಿನಿಂದ ಹಳೇ ಗ್ರೀಸ್ ಹೊರಬರಬೇಕು. ಒಂದರಿಂದ ಬಾರದಿದ್ದರೆ ಅದು ಒಣಗಿದೆ, ಕ್ಲಚ್ ಬಿಡುವಾಗ ಕೇಳುವ ಟಕ್ ಸದ್ದು ಅಲ್ಲಿಂದಲೇ. ಹೊಟ್ಟೆಯಡಿ ಹಳೇ ಎಂಜಿನ್ ಆಯಿಲ್ ಬಳಿಯುವ ಪದ್ಧತಿ ನಮ್ಮಲ್ಲಿದೆಯಲ್ಲ, ಅದನ್ನು ಬಿಡಿ. ರಬ್ಬರ್ ಬುಶ್, ಬ್ರೇಕ್ ಹೋಸ್ ಉಬ್ಬುತ್ತವೆ, ಮಿಕ್ಕಿದ್ದು ನಿಮ್ಮದೇ ಹಳ್ಳಕ್ಕೆ ಇಳಿಯುತ್ತದೆ.

ಬ್ರೇಕ್: ಡ್ರಮ್ಮಿನೊಳಗೆ ಕೆಂಪು ಕೆಸರು ಕೂತರೆ ಲೈನಿಂಗನ್ನು ಉಪ್ಪುಕಾಗದದ ಹಾಗೆ ಉಜ್ಜುತ್ತದೆ. ತಿಂಗಳಿಗೊಮ್ಮೆ ಬಿಚ್ಚಿ ನೀರಲ್ಲೇ ತೊಳೆಯಿರಿ, ಒಣ ಧೂಳು ಊದಬೇಡಿ. ವೀಲ್ ಸಿಲಿಂಡರ್ ರಬ್ಬರ್ ಮಡಚಿ ನೋಡಿ. ಒಳಗೆ ಒದ್ದೆ ಇದ್ದರೆ ಎರಡೂ ಬದಿಯ ರಬ್ಬರ್ ಕಪ್ ಒಟ್ಟಿಗೇ ಬದಲಿಸಿ. ಬ್ರೇಕ್ ಆಯಿಲ್ ಗಾಳಿಯ ತೇವ ಹೀರುತ್ತದೆ, ಎರಡು ವರ್ಷಕ್ಕೊಮ್ಮೆ ಪೂರ್ತಿ ಹೊಸದು. ಬ್ರೇಕ್ ಪೈಪಿನ ಗಾಳಿ ತೆಗೆಯುವುದು ದೂರದ ಹಿಂದಿನ ಎಡಚಕ್ರದಿಂದ. ಜಾಕಿಯ ಕೆಳಗೆ ಹಲಗೆ, ಹೌಸಿಂಗ್ ಕೆಳಗೆ ಸ್ಟ್ಯಾಂಡ್ ಇಲ್ಲದೆ ಜೀಪಿನಡಿ ತಲೆ ಇಡಬೇಡಿ. ಮಳೆ ನೆಂದ ಮಣ್ಣಿನಲ್ಲಿ ಜಾಕಿ ಹೇಳದೆ ಕೇಳದೆ ವಾಲುತ್ತದೆ.

ಇನ್ನು ಲಿಫ್ಟ್. ಶ್ಯಾಕಲ್ ಎರಡು ಇಂಚು ಉದ್ದ ಮಾಡಿದರೆ ಬಾಡಿ ಏಳುವುದು ಒಂದೇ ಇಂಚು. ಜಾಸ್ತಿ ಎತ್ತಿದರೆ ಸ್ಟೇರಿಂಗ್ ರಾಡ್ ಓರೆಯಾಗಿ ಗುಂಡಿ ಸಿಕ್ಕಾಗಲೆಲ್ಲ ಜೀಪು ಪಕ್ಕಕ್ಕೆ ಎಳೆಯುತ್ತದೆ, ಪ್ರೊಪೆಲ್ಲರ್ ಶಾಫ್ಟ್ ಕೋನ ಹೆಚ್ಚಿ ಯುಜೆ ಬೇಗ ಸಾಯುತ್ತದೆ. ಚಾರ್ಮಾಡಿ ಇಳಿಜಾರಿನಲ್ಲಿ ಅಂಥ ಗಾಡಿ ಯಾಕೆ? ಕಾನೂನೂ ಇದೆ: ಮೋಟಾರು ವಾಹನ ಕಾಯ್ದೆಯ 52ನೇ ಕಲಮಿನ ಪ್ರಕಾರ ಆರ್‌ಸಿಯಲ್ಲಿರುವ ತಯಾರಕರ ವಿವರಕ್ಕೆ ಹೊಂದದಂತೆ ಬದಲಾಯಿಸುವಂತಿಲ್ಲ, 2019ರ ತಿದ್ದುಪಡಿಯಿಂದ ಒಂದೊಂದು ಬದಲಾವಣೆಗೂ 5,000 ರೂಪಾಯಿ ದಂಡವಿದೆ.

ಟೈರ್ 6.00-16 ಅಳತೆಯ ಲಗ್ (ದಪ್ಪ ಹಲ್ಲಿನದು) ಇದ್ದರೆ ಅದನ್ನೇ ಇಟ್ಟುಕೊಳ್ಳಿ. ಸಪೂರ ಟೈರ್ ಕೆಸರು ಸೀಳಿ ಅಡಿಯ ಗಟ್ಟಿ ನೆಲ ಹಿಡಿಯುತ್ತದೆ, ಅಗಲದ್ದು ಮೇಲೇ ತೇಲಿ ಜಾರುತ್ತದೆ. ಪುನರ್ವಸು, ಪುಷ್ಯದ ಹೊತ್ತಿಗೆ ಯಾವ ಟೈರೂ ಸಾಲದು, ಚೈನ್ ಕಟ್ಟಿ. ಕಟ್ಟಿ ನೂರು ಮೀಟರ್ ಓಡಿಸಿ ಮತ್ತೆ ಬಿಗಿಮಾಡಿ. ಸಡಿಲ ಚೈನ್ ಮೊದಲು ಹರಿಯುವುದು ಚಕ್ರದ ಒಳಬದಿಯ ಬ್ರೇಕ್ ಹೋಸನ್ನು.