ಸ್ಪೋರ್ಟ್ಸ್ ಕಾರ್ ಕೊಟ್ಟು ಹಳ್ಳಿಗೆ ಆಗೋ ಗಾಡಿ ತಗೋಬೇಕು, ಆದ್ರೆ ಸ್ಪೀಡೂ ಬಿಡೋಕಾಗಲ್ಲ. ಯಾವ ಎಸ್‌ಯುವಿ ಒಳ್ಳೇದು?

ಸ್ಪೀಡಿನ ದೊಡ್ಡ ಎಸ್‌ಯುವಿ ಯಾವುದೂ ಬೇಡ. ಮೊದಲು ಇದನ್ನ ಹೇಳ್ಬಿಡ್ತೀನಿ, ಕಾರಣ ಆಮೇಲೆ. ಎರಡು ಡೋರಿನ ಕಾರು, ಸಿಟಿ ಬಿಟ್ಟು ಜಮೀನಿರೋ ಕಡೆ ಹೋಗಿ ಇರೋ ಪ್ಲ್ಯಾನು, ಮನೆ ಮುಟ್ಟೋ ಕೊನೇ ಭಾಗ ಮಣ್ಣಿನ ರೋಡು, "ಗಾಡಿ ಎತ್ತರನೂ ಇರಬೇಕು, ಆಕ್ಸಿಲರೇಟರ್ ಒತ್ತಿದ್ರೆ ಬೆನ್ನು ಸೀಟಿಗೆ ಅಂಟ್ಕೋಬೇಕು" ಅಂತ ಬರೆದಿದೀರಲ್ಲ, ನಾನೂ ಶೋರೂಮಲ್ಲಿ ಕೂತು ಹೆಚ್ಚುಕಮ್ಮಿ ಇದೇ ಮಾತು ಹೇಳಿದ್ದೆ. ಅದಕ್ಕೇ ಉತ್ತರ ಬರೀತಿದೀನಿ, ಉದ್ದ ಆಗುತ್ತೆ, ದಯವಿಟ್ಟು ಪೂರ್ತಿ ಓದಿ.

ನನ್ನ ಹಳೇ ಕಾರಿನ ಗ್ರೌಂಡ್ ಕ್ಲಿಯರೆನ್ಸ್, ಅಂದ್ರೆ ನೆಲಕ್ಕೂ ಕಾರಿನ ಹೊಟ್ಟೆಗೂ ನಡುವಿನ ಅಂತರ, 120 ಮಿಲಿಮೀಟರ್ ಇತ್ತು. ಟಾರ್ ರೋಡಲ್ಲಿ ಆ ಕಾರು ಓಡಿಸೋದು ಎಂಥ ಸುಖ ಅಂತ ನಿಮಗೆ ನಾನು ಹೇಳೋದು ಬೇಕಿಲ್ಲ. ಆದ್ರೆ ನಮ್ಮ ಮನೆ ಕಡೆ ರೋಡಲ್ಲಿ ಟ್ರ್ಯಾಕ್ಟರ್ ಓಡಾಡಿ ಓಡಾಡಿ ಎರಡೂ ಕಡೆ ಚಕ್ರದ ಜಾಡು ಆಳಕ್ಕೆ ಇಳಿದು ನಡುವೆ ಹುಲ್ಲು ಬೆಳೆದ ದಿಬ್ಬ ನಿಂತ್ಬಿಟ್ಟಿದೆ, ಎಲ್ಲಾ ಮಣ್ಣಿನ ರೋಡೂ ಕೊನೆಗೆ ಹೀಗೇ ಆಗೋದು. ಜಾಡಲ್ಲಿ ಚಕ್ರ ಇಟ್ರೆ ಆ ದಿಬ್ಬ ಕಾರಿನ ಹೊಟ್ಟೆ ಉಜ್ಜುತ್ತೆ. ಒಂದು ಚಕ್ರ ದಿಬ್ಬದ ಮೇಲೆ, ಒಂದು ಅಂಚಿನ ಮೇಲೆ ಇಟ್ಕೊಂಡು ಹೋದ್ರೆ ಅಂಚು ಕುಸಿಯುತ್ತೆ. ಅಡಿಯ ಪ್ಲಾಸ್ಟಿಕ್ ಕವರ್ ಕಿತ್ಕೊಂಡು ನೇತಾಡ್ತಾ ಇತ್ತು, ಮುಂದಿನ ಬಂಪರಿನ ತುಟಿ ಚೂರಾಗಿತ್ತು. ಹಾಗಾಗಿ ಆ ಕಾರು ಕೊಡಬೇಕು ಅನ್ನೋದ್ರಲ್ಲಿ ನಿಮ್ಮ ಲೆಕ್ಕ ಸರಿ ಇದೆ, ಅದ್ರ ಬಗ್ಗೆ ಹೆಚ್ಚು ಹೇಳಲ್ಲ.

ತಪ್ಪಿದ್ದು ಅದರ ಬದಲಿಗೆ ತಗೊಂಡಿದ್ರಲ್ಲಿ. ಯಾವ ಕಂಪನಿ ಗಾಡಿ ಅಂತ ಹೇಳಲ್ಲ, ಆ ಜಾತಿಯ ಗಾಡಿಗಳೆಲ್ಲ ಒಂದೇ ಥರ. ಎತ್ತರದ ಎಸ್‌ಯುವಿ, ಆಲ್ ವೀಲ್ ಡ್ರೈವ್ (ನಾಲ್ಕೂ ಚಕ್ರಕ್ಕೆ ಪವರ್), ಟರ್ಬೋ ಎಂಜಿನ್, ಎರಡು ಟನ್ನಿಗಿಂತ ಜಾಸ್ತಿ ತೂಕ. ಎರಡೂ ಒಂದರಲ್ಲೇ ಸಿಕ್ತಲ್ಲ ಅಂತ ಖುಷಿಯೋ ಖುಷಿ. ಅದೇ ಗಾಡಿ ಕೆಳಗಿನ ಮಾಡೆಲ್ಲಲ್ಲಿ ಸಣ್ಣ ಎಂಜಿನ್, ಸಣ್ಣ ರಿಮ್ಮಲ್ಲಿ ಸಿಗ್ತಿತ್ತು, ನಾನು ಮೇಲಿಂದೇ ಬೇಕು ಅಂತ ಹಟ ಹಿಡಿದೆ, ಯಾಕಂದ್ರೆ ಸ್ಪೀಡು ಇದ್ದಿದ್ದು ಅದ್ರಲ್ಲೇ. ಇದೊಂದೇ ತಪ್ಪು, ಆದ್ರೆ ಇದರ ಹಿಂದೆ ಏನೇನು ಸಾಲಾಗಿ ಬರುತ್ತೆ ಅಂತ ಶೋರೂಮಲ್ಲಿ ಯಾರೂ ಬಿಡಿಸಿ ಹೇಳಲ್ಲ, ನಾನೂ ಕೇಳ್ಲಿಲ್ಲ. ಎಂಜಿನ್ ದೊಡ್ಡದಾದ್ರೆ ಎರಡು ಟನ್ ತೂಕವನ್ನ ಆ ಸ್ಪೀಡಲ್ಲಿ ನಿಲ್ಲಿಸೋಕೆ ದೊಡ್ಡ ಬ್ರೇಕ್ ಬೇಕು. ದೊಡ್ಡ ಡಿಸ್ಕು, ಅದರ ಮೇಲೆ ಅದನ್ನ ಒತ್ತಿ ಹಿಡಿಯೋ ಕ್ಯಾಲಿಪರ್ರು, ಇವೆರಡನ್ನೂ ಒಳಗೆ ಹಿಡಿಸೋಕೆ ದೊಡ್ಡ ರಿಮ್ ಬೇಕು. ರಿಮ್ ದೊಡ್ಡದಾಯ್ತು, ಆದ್ರೆ ಮಡ್‌ಗಾರ್ಡ್ ಒಳಗಿನ ಜಾಗ ಅಷ್ಟೇ ಇರೋದು, ಹಾಗಾಗಿ ರಬ್ಬರ್ ತೆಳ್ಳಗಾಗ್ಲೇಬೇಕು. ಆ ಅಗಲದ ಚಕ್ರವನ್ನ ಡಿಕ್ಕಿ ಕೆಳಗೆ ಇಡೋಕೆ ಜಾಗ ಇಲ್ಲ, ಆದ್ದರಿಂದ ಸ್ಟೆಪ್ನಿನೂ ಹೋಯ್ತು. ನೋಡಿ, ನಾನು ಕೇಳಿದ್ದು ಸ್ಪೀಡು ಒಂದನ್ನೇ, ಅದು ಟೈರಿನ ತನಕ ಎಲ್ಲಾನೂ ತಾನೇ ಡಿಸೈಡ್ ಮಾಡ್ಬಿಡ್ತು.

ಟೈರ್ ಸೈಜು 275/35 ಆರ್ 21. ಈ ನಂಬರನ್ನ ಓದೋದು ಎಲ್ಲರೂ ಕಲೀಬೇಕು. 275 ಅಂದ್ರೆ ಮಿಲಿಮೀಟರಲ್ಲಿ ಅಗಲ, 35 ಅಂದ್ರೆ ಆ ಅಗಲದ ಶೇಕಡಾ 35 ಟೈರಿನ ಪಕ್ಕದ ಗೋಡೆಯ ಎತ್ತರ, 21 ರಿಮ್ಮಿನ ಇಂಚು. ಅಂದ್ರೆ ರಿಮ್ಮಿಗೂ ನೆಲಕ್ಕೂ ನಡುವೆ ಇರೋ ರಬ್ಬರ್ ಬರೀ 96 ಮಿಲಿಮೀಟರ್. ಈಗ ನಾನು ಓಡಿಸೋ ಗಾಡಿದು 195/80 ಆರ್ 15, ಅದರ ಗೋಡೆ 156 ಮಿಲಿಮೀಟರ್. ಎರಡೂ ಟೈರನ್ನ ಪಕ್ಕಪಕ್ಕ ನಿಲ್ಲಿಸಿದ್ರೆ ಎತ್ತರದಲ್ಲಿ ಎರಡು ಬೆರಳಷ್ಟೇ ವ್ಯತ್ಯಾಸ, ಆದ್ರೆ ಒಂದರಲ್ಲಿ ಬಹುಪಾಲು ಲೋಹ, ಇನ್ನೊಂದರಲ್ಲಿ ಗಾಳಿ ರಬ್ಬರ್ ಜಾಸ್ತಿ. ಕಲ್ಲಿಗೆ ತಾಗಿದಾಗ ಬಗ್ಗಿಕೊಡೋದು ಆ ಗಾಳಿ ರಬ್ಬರ್ರೇ.

ಮಳೆ ನಿಂತ ಒಂದು ಸಂಜೆ ಎದುರಿಗೆ ಟ್ರ್ಯಾಕ್ಟರ್ ಬಂತು, ಜಾಗ ಬಿಡೋಕೆ ಪಕ್ಕಕ್ಕೆ ತಗೊಂಡೆ. ನಡೆದು ಹೋಗೋ ಸ್ಪೀಡು ಅಷ್ಟೇ. ಹುಲ್ಲಿನ ಒಳಗೆ ಒಂದು ಬೆಣಚುಕಲ್ಲು ಚೂಪಾಗಿ ಎದ್ದು ನಿಂತಿತ್ತು, ಎಡಗಡೆ ಮುಂದಿನ ಚಕ್ರ ಅದಕ್ಕೆ ಉಜ್ಜಿತು, ಬುಸ್ ಅಂತ ಒಂದೇ ಸಲ ಗಾಳಿ ಹೋಯ್ತು. ಇಳಿದು ನೋಡಿದ್ರೆ ಪಕ್ಕದ ಗೋಡೆ ಒಂದು ಗೇಣು ಸೀಳಿದೆ, ಒಳಗಿನ ದಾರ ಕಾಣ್ತಿದೆ. ಟ್ರ್ಯಾಕ್ಟರ್ ಓಡಿಸ್ತಿದ್ದ ಪಕ್ಕದ ಜಮೀನಿನ ಹಿರಿಯರು ಇಳಿದು ಬಂದ್ರು.

"ಸ್ಟೆಪ್ನಿ ತೆಗೀರಿ ಸಾರ್, ಹತ್ತು ನಿಮಿಷದ ಕೆಲ್ಸ."

"ಸ್ಟೆಪ್ನಿ ಇಲ್ಲ."

"ಮನೇಲಿ ಬಿಟ್ಟು ಬಂದ್ರಾ?"

"ಇಲ್ಲ, ಗಾಡಿ ಜೊತೆ ಕೊಟ್ಟೇ ಇಲ್ಲ."

ಅವರು ನಂಬಲಿಲ್ಲ, ತಾವೇ ಡಿಕ್ಕಿಯ ಹಾಸು ಎತ್ತಿ ನೋಡಿದ್ರು. ಸ್ಟೆಪ್ನಿ ಇರಬೇಕಾದ ಜಾಗದಲ್ಲಿ ಬ್ಯಾಟರಿ, ಸಬ್‌ವೂಫರ್, ಒಂದು ಚಿಕ್ಕ ಕಂಪ್ರೆಸರ್, ಪಂಕ್ಚರ್ ಸೀಲಂಟ್ ಬಾಟಲಿ. ಆ ಸೀಲಂಟು ಟೈರಿನ ನೆಲಕ್ಕೆ ತಾಗೋ ಭಾಗದಲ್ಲಿ ಮೊಳೆ ಚುಚ್ಚಿದ ಸಣ್ಣ ತೂತಿಗೆ ಆಗುತ್ತೆ. ಪಕ್ಕದ ಗೋಡೆ ಸೀಳಿದ್ರೆ ಏನೂ ಮಾಡೋಕಾಗಲ್ಲ, ಆ ಗೋಡೆ ಚಕ್ರ ಸುತ್ತಿದಾಗೆಲ್ಲ ಬಾಗಿ ನೆಟ್ಟಗಾಗ್ತಾ ಇರುತ್ತೆ, ಒಳಗಿನ ದಾರವೇ ಭಾರ ಹೊರೋದು, ಅದು ಕಿತ್ತ ಮೇಲೆ ಯಾವ ಪ್ಯಾಚೂ ನಿಲ್ಲಲ್ಲ. ಗಾಡಿ ಅಲ್ಲೇ ಬಿಟ್ಟು ಅವರ ಟ್ರ್ಯಾಕ್ಟರಲ್ಲೇ ಮನೆಗೆ ಹೋದೆ. ಎತ್ತಿಕೊಂಡು ಹೋಗೋ ಲಾರಿ ಆ ರೋಡಿಗೆ ಇಳಿಯಲ್ಲ ಅಂತ ಡ್ರೈವರ್ ಹೇಳ್ಬಿಟ್ಟ, ರೋಡು ಒಣಗೋ ತನಕ ಕಾಯ್ಬೇಕಾಯ್ತು.

ದುಡ್ಡು ಹೋಗಿದ್ದು ಇಲ್ಲಿಂದ ಮುಂದೆ. ಆ ಸೈಜಿನ ಟೈರು ಹತ್ತಿರದಲ್ಲಿ ಯಾರ ಹತ್ರನೂ ಇಲ್ಲ, ಆರ್ಡರ್ ಮಾಡಿ ತರಿಸ್ಬೇಕು. ಸರಿ ಒಂದು ತರಿಸಿ ಅಂದ್ರೆ, ಒಂದು ಹಾಕೋ ಹಾಗಿಲ್ಲ ಅಂದ್ರು. ನನಗೆ ಮೊದಲು ಇದು ವ್ಯಾಪಾರದ ಮಾತು ಅನ್ನಿಸ್ತು, ಆಮೇಲೆ ಕೂತು ಲೆಕ್ಕ ಹಾಕಿದೆ. ಹೊಸ ಟೈರಿನ ಟ್ರೆಡ್, ಅಂದ್ರೆ ನೆಲಕ್ಕೆ ತಾಗೋ ಕಡೆಯ ಗೀರುಗಳ ಆಳ, ಸುಮಾರು 8 ಮಿಲಿಮೀಟರ್ ಇರುತ್ತೆ, ನನ್ನ ಉಳಿದ ಮೂರು ಸವೆದು 4ಕ್ಕೆ ಬಂದಿದ್ವು. ಅಷ್ಟು ವ್ಯತ್ಯಾಸ ಸಾಕು, ಹಳೇ ಟೈರು ಒಂದು ಕಿಲೋಮೀಟರಿಗೆ ಹೊಸದಕ್ಕಿಂತ ನಾಲ್ಕೈದು ಸುತ್ತು ಜಾಸ್ತಿ ತಿರುಗುತ್ತೆ. ಆಲ್ ವೀಲ್ ಡ್ರೈವ್ ಗಾಡಿಯಲ್ಲಿ ಮುಂದಿನ ಹಿಂದಿನ ಚಕ್ರಗಳ ನಡುವೆ ಇರೋ ಕ್ಲಚ್ ಇದನ್ನ ಜಾರೋ ರೋಡು ಅಂತಾನೇ ತಿಳ್ಕೊಂಡು ನೆಟ್ಟಗಿನ ಹೈವೇಲೂ ಕೆಲಸ ಮಾಡ್ತಾ ಬಿಸಿಯಾಗ್ತಾ ಕೂರುತ್ತೆ, ಕೊನೆಗೆ ಸುಟ್ಟು ಹೋಗಬಹುದು. ಆದ್ದರಿಂದ ಒಂದು ಕಲ್ಲಿಗೆ ನಾಲ್ಕು ಟೈರ್. ಹಾಗಾದ್ರೆ ಚಿಕ್ಕ ರಿಮ್, ದಪ್ಪ ಟೈರ್ ಹಾಕ್ಕೊಡಿ ಅಂದೆ. ಅದೂ ಆಗಲ್ಲ. ಮುಂದಿನ ಬ್ರೇಕ್ ಡಿಸ್ಕ್ ಒಂದೇ 390 ಮಿಲಿಮೀಟರ್, 16 ಇಂಚು ಅಂದ್ರೇನೇ 406 ಮಿಲಿಮೀಟರ್, ಕ್ಯಾಲಿಪರ್ ಎಲ್ಲಿ ಹೋಗ್ಬೇಕು? ಅಂದ್ರೆ ಆ ಗಾಡಿಯನ್ನ ಹಳ್ಳಿಗೆ ತಕ್ಕ ಹಾಗೆ ಬದಲಾಯಿಸೋ ದಾರಿನೇ ಇರಲಿಲ್ಲ. ಮಾರೋ ಹೊತ್ತಿಗೆ ಇನ್ನೊಂದು ಟೈರಿಗೂ ಏಟು ಬಿದ್ದು ಬುಗುಟು ಎದ್ದಿತ್ತು, ಕೊಂಡವರು ಅದನ್ನೂ ಹಿಡ್ಕೊಂಡು ರೇಟು ಇಳಿಸಿದ್ರು. ಸ್ಪೋರ್ಟ್ಸ್ ಕಾರಿಂದ ಬಂದಿದ್ದ ದುಡ್ಡಲ್ಲಿ ಅರ್ಧಕ್ಕರ್ಧ ಈ ನಡುವಿನ ಗಾಡಿಗೇ ಹೋಯ್ತು, ಇದನ್ನ ಬರೀವಾಗ್ಲೂ ಹೊಟ್ಟೆ ಉರಿಯುತ್ತೆ.

ಅದಕ್ಕೇ ನಿಮ್ಮ ಪ್ರಶ್ನೆಯ ಬುಡವೇ ಸರಿ ಇಲ್ಲ ಅಂತೀನಿ, ಬೇಜಾರ್ ಮಾಡ್ಕೋಬೇಡಿ. ಹಳ್ಳಿಗೆ ಅಂದ ಕೂಡ್ಲೇ ದೊಡ್ಡ ಗಾಡಿ, ದೊಡ್ಡ ಎಂಜಿನ್, ನಾಲ್ಕೂ ಚಕ್ರಕ್ಕೆ ಪವರ್ ಅಂತ ತಲೇಲಿ ಕೂತಿದೆ. ಇದು ಎಷ್ಟು ತಪ್ಪು ಅಂತ ತಿಳೀಬೇಕಾದ್ರೆ ಫ್ರಾನ್ಸಿನ ಸಿಟ್ರೋನ್ 2ಸಿವಿ ನೋಡಿ. 1930ರ ದಶಕದಲ್ಲಿ ಕಂಪನಿಯ ಉಪಾಧ್ಯಕ್ಷ ಪಿಯರ್ ಜೂಲ್ ಬೂಲಾಂಜೆ ಎಂಜಿನಿಯರುಗಳಿಗೆ ಕೊಟ್ಟ ಕೆಲಸ ಏನಂದ್ರೆ, ಇಬ್ಬರು ರೈತರು, 50 ಕಿಲೋ ಆಲೂಗಡ್ಡೆ ಹೊತ್ಕೊಂಡು ಹೋಗೋ ಕಾರು ಬೇಕು, ಒಂದು ಬುಟ್ಟಿ ಮೊಟ್ಟೆ ಇಟ್ಕೊಂಡು ಉತ್ತ ಹೊಲ ದಾಟಿದ್ರೂ ಒಂದೂ ಒಡೀಬಾರದು. ನಡುವೆ ಯುದ್ಧ ಬಂದು 1948ರಲ್ಲಿ ಪ್ಯಾರಿಸ್ ಮೋಟಾರ್ ಶೋನಲ್ಲಿ ಆ ಕಾರು ಹೊರಗೆ ಬಂತು. ಎಂಜಿನ್ 375 ಸಿಸಿ, 9 ಹಾರ್ಸ್‌ಪವರ್, ಪವರ್ ಮುಂದಿನ ಎರಡೇ ಚಕ್ರಕ್ಕೆ. ಆದ್ರೆ ತೂಕ ಕಮ್ಮಿ, ತೆಳ್ಳಗಿನ ಎತ್ತರದ ಟೈರು, ಸಸ್ಪೆನ್ಷನ್ ಮೇಲೆ ಕೆಳಗೆ ಬೇಕಾದಷ್ಟು ಆಡ್ತಿತ್ತು. 1990ರ ತನಕ ಅದು ತಯಾರಾಗ್ತಾ ಇತ್ತು. ಹೊಲದ ರೋಡಿಗೆ ಏನು ಬೇಕು ಅಂತ ಯೋಚನೆ ಮಾಡಿದ ಮನುಷ್ಯ ಹಾರ್ಸ್‌ಪವರ್ ಕೇಳಲೇ ಇಲ್ಲ, ಇದನ್ನ ನಾನು ಮೊದಲೇ ಓದಿದ್ರೆ ಎಷ್ಟೋ ದುಡ್ಡು ಉಳೀತಿತ್ತು.

ಈಗ ನನ್ನ ಹತ್ರ ಇರೋದು ಸುಜುಕಿ ಜಿಮ್ನಿ, ಒಂದು ಚಿಕ್ಕ ಫೋರ್ ವೀಲ್ ಡ್ರೈವ್ ಗಾಡಿ. ಇದನ್ನೇ ತಗೊಳ್ಳಿ ಅಂತ ಹೇಳ್ತಿಲ್ಲ. ಹೈವೇಲಿ ಗಾಳಿ ಸದ್ದು ಜಾಸ್ತಿ, ಓವರ್‌ಟೇಕ್ ಮಾಡೋಕೆ ಮುಂಚೆನೇ ಯೋಚನೆ ಮಾಡ್ಬೇಕು, ಸಾಮಾನಿಗೆ ಜಾಗ ಸಾಲದೆ ಹಿಂದಿನ ಸೀಟು ಮಡಚೇ ಇಟ್ಟಿರ್ತೀನಿ. ಆದ್ರೆ ಕ್ಲಿಯರೆನ್ಸ್ 210 ಮಿಲಿಮೀಟರ್, ತೂಕ 1,200 ಕಿಲೋ ಆಸುಪಾಸು, ಪೂರ್ತಿ ಸೈಜಿನ ಸ್ಟೆಪ್ನಿ ಹಿಂದಿನ ಬಾಗಿಲಿಗೇ ನೇತಾಕಿದೆ. ಕೆಸರಲ್ಲಿ ಎರಡು ಟನ್ನಿನ ಗಾಡಿ ಹೂತ್ಕೊಳ್ಳೋ ಕಡೆ ಇದು ಮೇಲೇ ತೇಲಿಕೊಂಡು ಹೋಗುತ್ತೆ. ತೀರಾ ಮೆತ್ತಗಿದ್ರೆ ಟೈರಿನ ಗಾಳಿ ಸ್ವಲ್ಪ ಇಳಿಸ್ತೀನಿ, ಟೈರು ನೆಲಕ್ಕೆ ಜಾಸ್ತಿ ಹರಡಿ ಹಿಡಿತ ಬರುತ್ತೆ, ಟಾರ್ ರೋಡಿಗೆ ಬಂದ್ಮೇಲೆ ಮತ್ತೆ ತುಂಬಿಸ್ತೀನಿ. 96 ಮಿಲಿಮೀಟರ್ ಗೋಡೆಯ ಟೈರಲ್ಲಿ ಹೀಗೆ ಮಾಡಿದ್ರೆ ರಿಮ್ಮೇ ಕಲ್ಲಿಗೆ ಬಡಿಯುತ್ತೆ.

ಓಡಿಸೋ ಖುಷಿ ಹೋಗುತ್ತೆ ಅನ್ನೋ ನಿಮ್ಮ ಭಯ ನನಗೆ ಚೆನ್ನಾಗಿ ಗೊತ್ತು, ಅದೇ ಭಯದಲ್ಲೇ ನಾನೂ ಆ ತಪ್ಪು ಗಾಡಿ ತಗೊಂಡಿದ್ದು. ಹೋಗಲ್ಲ. ಆ ಭಾರದ ಗಾಡಿಯಲ್ಲಿ ಮಣ್ಣಿನ ರೋಡಿಗೆ ಬಂದ್ರೆ ಎಂಜಿನ್ನಿನ ಕಾಲು ಭಾಗನೂ ಬಳಸೋಕೆ ಆಗ್ತಿರಲಿಲ್ಲ, ಇಡೀ ಹೊತ್ತು ಟೈರ್ ಬಗ್ಗೆ ಭಯ. ಇದರಲ್ಲಿ ಸೆಕೆಂಡ್ ಗೇರಲ್ಲಿ, ಯಾವ ಜಾಡು ಹಿಡೀಬೇಕು, ಕೊರಕಲನ್ನ ಓರೆಯಾಗಿ ದಾಟ್ಬೇಕಾ ನೇರಕ್ಕಾ, ಕ್ಲಚ್ ಎಲ್ಲಿ ಬಿಡ್ಬೇಕು ಅಂತ ಕೈಕಾಲಿಗೆಲ್ಲ ಕೆಲಸ ಇರುತ್ತೆ. ಸ್ಪೋರ್ಟ್ಸ್ ಕಾರಲ್ಲಿ ತಿರುವು ಓದ್ತಿದ್ದ ಕಣ್ಣೇ ಇಲ್ಲಿ ನೆಲ ಓದುತ್ತೆ.

ನಾಲ್ಕು ಚಕ್ರದ ಡ್ರೈವ್ ನಿಮಗೆ ಬೇಕಾ ಅನ್ನೋದು ನಿಮ್ಮ ರೋಡಿನ ಏರು ಎಷ್ಟಿದೆ ಅನ್ನೋದ್ರ ಮೇಲೆ ನಿಂತಿದೆ. ಸಮತಟ್ಟಾಗಿದ್ದು ಬರೀ ಗುಂಡಿ ಇದ್ರೆ, ಎತ್ತರ ಇರೋ ಸಾಧಾರಣ ಫ್ರಂಟ್ ವೀಲ್ ಡ್ರೈವ್ ಗಾಡಿ, ಒಳ್ಳೇ ಟೈರು, ಇಷ್ಟು ಸಾಕು. ಜೇಡಿಮಣ್ಣಿನ ಏರು ಇದ್ರೆ ಮಾತ್ರ ಲೋ ರೇಂಜ್ (ನಿಧಾನವಾಗಿ ಜಾಸ್ತಿ ಬಲದಿಂದ ಎಳೆಯೋ ಗೇರು) ಇರೋ ಫೋರ್ ವೀಲ್ ಡ್ರೈವ್ ನೋಡಿ. ಆದ್ರೆ ಜಿಮ್ನಿ ಥರದ, ಬೇಕಾದಾಗ ಮಾತ್ರ ನಾಲ್ಕೂ ಚಕ್ರಕ್ಕೆ ಪವರ್ ಹಾಕ್ಕೊಳ್ಳೋ ಪಾರ್ಟ್ ಟೈಮ್ ಸಿಸ್ಟಮ್ಮಲ್ಲಿ ಒಣಗಿದ ಟಾರ್ ರೋಡಲ್ಲಿ ಫೋರ್ ವೀಲ್ ಹಾಕ್ಬೇಡಿ. ತಿರುಗುವಾಗ ಮುಂದಿನ ಚಕ್ರಗಳು ಹಿಂದಿನದಕ್ಕಿಂತ ಜಾಸ್ತಿ ದೂರ ಹೋಗ್ತವೆ, ಆ ವ್ಯತ್ಯಾಸ ಬಿಡಿಸೋಕೆ, ಅಂದ್ರೆ ಮುಂದಿನ ಹಿಂದಿನ ಚಕ್ರ ಬೇರೆ ಬೇರೆ ಸ್ಪೀಡಲ್ಲಿ ತಿರುಗೋಕೆ ಬಿಡೋ ಡಿಫರೆನ್ಷಿಯಲ್ ನಡುವೆ ಇಲ್ಲ, ಗೇರಿನ ಭಾಗಗಳೇ ತಿರುಚಿಕೊಳ್ತವೆ. ಕೆಸರಲ್ಲಿ ಚಕ್ರ ಸ್ವಲ್ಪ ಜಾರಿ ಅದು ತಾನೇ ಬಿಟ್ಕೊಳ್ಳುತ್ತೆ.

ಸ್ಪೋರ್ಟ್ಸ್ ಕಾರನ್ನ ಶೆಡ್ಡಲ್ಲಿ ಇಟ್ಕೊಳ್ಲಾ ಅಂತನೂ ಕೇಳಿದೀರ. ಬೇಡ. ನಿಂತ ಕಾರಿನ ಬ್ಯಾಟರಿ ಇಳಿಯುತ್ತೆ, ಟೈರು ಒಂದೇ ಕಡೆ ಚಪ್ಪಟೆ ಆಗುತ್ತೆ, ಪೆಟ್ರೋಲ್ ಹಳಸುತ್ತೆ, ಎಲ್ಲಕ್ಕಿಂತ ಮುಖ್ಯ ಇಲಿ ಬಂದು ವೈರಿಂಗ್ ಕಡಿಯುತ್ತೆ. ನಿಮಗೆ ಆ ಕಾರಿನ ಮೇಲೆ ಪ್ರೀತಿ ಇದ್ರೆ, ಓಡಿಸೋರ ಕೈಗೆ ಕೊಡಿ. ಸಿಟೀಲಿ ಇರುವಾಗಲೇ, ಸರ್ವೀಸ್ ಪೇಪರ್ ಎಲ್ಲ ಜೋಡಿಸಿ, ಹೊರಗೆ ಮಾರಿ, ಎಕ್ಸ್‌ಚೇಂಜಿಗೆ ಕೊಡ್ಬೇಡಿ. ಎಕ್ಸ್‌ಚೇಂಜಲ್ಲಿ ಹಳೇದರ ರೇಟು ಹೊಸದರ ಆಸೆ ಒಳಗೆ ಮುಚ್ಚಿಹೋಗುತ್ತೆ, ಅದೇ ದಿನ ಸೈನ್ ಮಾಡೋ ಅವಸರ ಬೇರೆ. ಮಾರಿದ್ಮೇಲೂ ತಕ್ಷಣ ಏನೂ ತಗೋಬೇಡಿ, ಒಂದು ಮಳೆಗಾಲ ಯಾರದ್ದಾದ್ರೂ ಹಳೇ ಗಾಡಿ ಬಾಡಿಗೆಗೆ ಇಟ್ಕೊಂಡು ಓಡಾಡಿ. ಆಮೇಲೆ ನೋಡೋಕೆ ಹೋದ್ರೆ ಬಾನೆಟ್ ಎತ್ತೋ ಮುಂಚೆ ಡಿಕ್ಕಿಯ ಹಾಸು ಎತ್ತಿ. ಯಾವುದಾದ್ರೂ ಗಾಡಿ ಮನಸ್ಸಲ್ಲಿದ್ರೆ ಅದರ ಟೈರ್ ಸೈಜು, ಮತ್ತೆ ನಿಮ್ಮ ರೋಡಿನ ಮಳೆ ಬಂದ ಮಾರನೇ ದಿನದ ಫೋಟೋ ಇಲ್ಲೇ ಕೆಳಗೆ ಹಾಕಿ, ನೋಡಿ ಹೇಳ್ತೀನಿ.